ಭಾಲ್ಕಿಯ ಫೋಟೋದಲ್ಲಿ ಅಲುಗದೆ ಕುಳಿತವಳು

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಆಗ ಟಿವಿ ಧಾರಾವಾಹಿಗಳ ಛಾಯಾಗ್ರಾಹಕ. ಅದಕ್ಕೂ ಮೊದಲು ಕಲಬುರಗಿಯ ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ, ಗ್ರೂಪ್ ಫೋಟೋ ತೆಗೆದು ಹೊಟ್ಟೆ ಹೊರೆದವನು. ಸಿನಿಮಾದಿಂದ ಬಂದ ಕ್ಯಾಮೆರಾಮನ್‌ಗಳು ನನ್ನನ್ನು ‘ಸ್ಟಿಲ್ ಸ್ವಾಮಿ’ ಎಂದು ಆಡಿಕೊಳ್ಳುತ್ತಿದ್ದರು. ನನ್ನ ಶಾಟ್‌ಗಳಲ್ಲಿ ಕ್ಯಾಮೆರಾ ಕದಲುವುದೇ ಇಲ್ಲ ಎಂಬುದು ಅವರ ದೂರು. ಮನುಷ್ಯನ ಮುಖ ಎದುರಿಗಿರುವಾಗ ಕ್ಯಾಮೆರಾ ಯಾಕೆ ಕುಣಿಯಬೇಕು ಎಂಬುದು ನನ್ನ ಹಟ.

ಈ ಹಟಕ್ಕೆ ಕಾರಣವೂ ಇತ್ತು. ಆಗಿನ ಟಿವಿ ಪರದೆ ಇಂದಿನಂತೆ ಉದ್ದುದ್ದ ಇರಲಿಲ್ಲ. ಅದರ ಅಗಲಕ್ಕೂ ಎತ್ತರಕ್ಕೂ ಇದ್ದ ಪ್ರಮಾಣ ಹಳೆಯ ಸ್ಟುಡಿಯೋಗಳಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟಿನ ಪ್ರಮಾಣಕ್ಕೆ ಹತ್ತಿರವಿತ್ತು. ಸಿನಿಮಾ ಪರದೆಯಲ್ಲಿ ಗುಡ್ಡ ಬೆಟ್ಟ ತೋರಿಸಬಹುದು. ಟಿವಿಯಲ್ಲಿ ಗುಡ್ಡ ಸಗಣಿ ಕುಳ್ಳಿನಷ್ಟು ಕಾಣುತ್ತದೆ. ಮುಖ ಮಾತ್ರ ಮುಖವಾಗಿಯೇ ಕಾಣುತ್ತದೆ. ಹಾಗಾಗಿ ಟಿವಿಗೆ ಬೆಳಕು ಮಾಡುವವನು ಸಿನಿಮಾದವರಿಗಿಂತ ಹಳೆಯ ಫೋಟೋದವರಿಂದ ಹೆಚ್ಚು ಕಲಿಯಬೇಕು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ.

ನನ್ನ ಮಾತನ್ನು ಪೂರಾ ನಂಬಿದವನು ನಿರ್ದೇಶಕ ವಸಂತ. ಬೆಂಗಳೂರಿನ ಹುಡುಗ, ಬುದ್ಧಿವಂತ, ಒಂದು ವಿಷಯ ತಲೆಗೆ ಹೊಕ್ಕರೆ ಬಿಡದವನು. ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆ ಐವತ್ತಾರರ ನವೆಂಬರ್ ಒಂದರಂದು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆ ದಿನಗಳ ಒಬ್ಬ ಗುಮಾಸ್ತನ ಸಂಸಾರದ ಕಥೆಯನ್ನು ಅವನು ಧಾರಾವಾಹಿ ಮಾಡಲು ಹೊರಟಿದ್ದ. ಉರ್ದುವಿನಲ್ಲಿ ಕಡತ ಬರೆದು ಬದುಕಿದವನು ರಾತ್ರಿ ಬೆಳಗಾಗುವುದರೊಳಗೆ ಕನ್ನಡ ಕಚೇರಿಯ ನೌಕರನಾಗುವ ಕಥೆ. ಹಳೆಯ ಫೋಟೋಗಳಲ್ಲಿ ಇರುವ ಬೆಳಕೇ ನಮ್ಮ ಬೆಳಕು, ಅದರಲ್ಲಿ ಇಲ್ಲದ್ದು ನಮ್ಮ ಫ್ರೇಮಿನಲ್ಲೂ ಬೇಡ ಎಂದು ನಾನು ನಿಯಮ ಹಾಕಿದೆ. ಬೀದರ, ಭಾಲ್ಕಿ, ಔರಾದದ ಮನೆ ಮನೆ ತಿರುಗಿ ಗೋಡೆಯ ಮೇಲಿನ ಫೋಟೋಗಳನ್ನು ಕೇಳಿ ತಂದೆವು.

ಗುಮಾಸ್ತನ ಹುಟ್ಟೂರಿನ ದೃಶ್ಯಗಳಿಗೆಂದು ಔರಾದದ ಹೊರಗೆ ಕುರಿ ಕಾಯುವವರ ನಡುವೆ ತೆಗೆದ ಮೊದಲ ಕಂತುಗಳು ಚೆನ್ನಾಗಿ ಬಂದವು. ಕ್ಯಾಮೆರಾ ಎದೆ ಮಟ್ಟದಲ್ಲಿ, ಬೆಳಕು ಒಂದೇ ಕಡೆಯಿಂದ, ಜನ ನೇರ ನಿಂತು ನಮ್ಮನ್ನೇ ನೋಡುವಂತೆ. ವಸಂತ ನನ್ನ ಬೆನ್ನು ತಟ್ಟಿದ. ನಾನೂ ಉಬ್ಬಿದೆ.

ಭಾಲ್ಕಿಯಲ್ಲಿ ಚಿತ್ರೀಕರಣಕ್ಕೆ ಮನೆ ಕೊಟ್ಟವರು ಮಹಾದೇವಿ. ಸಾಲಿ ಟೀಚರ್, ಮೂವತ್ತು ದಾಟಿದ ವಯಸ್ಸು. ತಂದೆ ಗುರಪ್ಪ ತಹಶೀಲ ಕಚೇರಿಯಿಂದ ನಿವೃತ್ತರಾದವರು, ಮಗಳ ಜೊತೆಗೇ ಇದ್ದರು. ಪಡಸಾಲೆಯ ಗೋಡೆಯ ಮೇಲೆ ಒಂದೇ ಕಪ್ಪುಬಿಳುಪು ಫೋಟೋ. ಕುರ್ಚಿಯ ಮೇಲೆ, ಹಸಿರು ಬಣ್ಣದ್ದೆಂದು ಮಹಾದೇವಿ ಹೇಳಿದ ಸೀರೆಯುಟ್ಟು, ಮುಡಿ ತುಂಬ ಹೂ, ಅಗಲ ಕುಂಕುಮ ಇಟ್ಟುಕೊಂಡ ಹೆಂಗಸು. ತೊಡೆಯ ಮೇಲೆ ಕೂಸು. ಹಿಂದೆ ಹೆಗಲ ಮೇಲೆ ಕೈಯಿಟ್ಟು ನಿಂತ ಹರೆಯದ ಗುರಪ್ಪ. ಪಕ್ಕದಲ್ಲಿ ಅವರ ಅಕ್ಕ ಮತ್ತು ತಮ್ಮ.

“ಈ ಕೂಸು ನಾನೇ ನೋಡ್ರಿ ಸರ್,” ಎಂದರು ಮಹಾದೇವಿ. “ನಾವು ಮೈಸೂರಿಗಿ ಸೇರಿದ ದಿನಾನೇ ತೆಗಿಸಿದ್ದು. ಮುಂದ ಸ್ವಲ್ಪ ದಿನಕ್ಕ ನಮ್ಮವ್ವ ಬ್ಯಾನಿ ಬಿದ್ದು ತೀರಿಕೊಂಡ್ಳು. ನನಗ ಔರಾದದಾಗ ಸೋದರತ್ತಿ ಬೆಳಿಸಿದ್ಳು. ನೌಕರಿ ಸಿಕ್ಕ ಮ್ಯಾಲೇ ಈ ಮನಿಗಿ ಬಂದೆ. ಅವ್ವಂದು ನನ್ನ ಹತ್ರ ಇರೋದು ಇದೊಂದೇ. ಆಕಿ ಕಣ್ಣೇ ನನಗ ಬಂದಾವ ಅಂತಾರ್ರಿ.”

ಅದೇ ದಿನದ ಫೋಟೋ ಎಂದು ಕೇಳಿ ವಸಂತ ಕುಣಿದಾಡಿಬಿಟ್ಟ. ಕೊನೆಯ ಕಂತಿನಲ್ಲಿ ನಟರು ಇದೇ ಪಡಸಾಲೆಯಲ್ಲಿ ಇದೇ ಭಂಗಿಯಲ್ಲಿ ಕೂರಬೇಕು, ಆ ಚಿತ್ರ ನಿಧಾನ ಕರಗಿ ಈ ನಿಜವಾದ ಫೋಟೋ ಮೂಡಬೇಕು. ಅವ್ವ ಟಿವಿಯಲ್ಲಿ ಬರುತ್ತಾಳೆ ಎಂದು ಮಹಾದೇವಿ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದರು. ಗುರಪ್ಪ ಮಾತ್ರ ಎದ್ದು ಒಳಗೆ ಹೋದರು. ವಯಸ್ಸಾದವರು, ಗದ್ದಲ ಹಿಡಿಸುವುದಿಲ್ಲ ಎಂದುಕೊಂಡೆ.

ಬೆಳಕು ಅಭ್ಯಾಸ ಮಾಡಲೆಂದು ಆ ಫೋಟೋದ ಕಾಪಿ ತೆಗೆದು, ಬೀದರದಲ್ಲಿ ನಾವಿಳಿದಿದ್ದ ಲಾಡ್ಜಿನ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡು ದೊಡ್ಡ ಪ್ರಿಂಟ್ ಹಾಕಿದೆ. ಮಧ್ಯಾಹ್ನ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಾಗ ಕುರ್ಚಿಯಲ್ಲಿ ಕುಳಿತವಳ ಮೇಲೇ ಕಣ್ಣು ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಮನೆಯೊಳಗೆ ಫೋಟೋ ತೆಗೆಯುವಾಗ ಬೆಳಕು ಸಾಲದು. ಲೆನ್ಸಿನ ಮುಚ್ಚಳ ತೆಗೆದು ಒಂದೆರಡು ಸೆಕೆಂಡು ಹಾಗೇ ಬಿಡುತ್ತಿದ್ದರು. ಅಷ್ಟು ಹೊತ್ತು ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಎಷ್ಟೇ ಬಿಗಿಹಿಡಿದರೂ ಜೀವ ಇರುವ ಮೈ ಕೊಂಚ ಅಲುಗುತ್ತದೆ, ಅಂಚುಗಳು ಮಸುಕಾಗುತ್ತವೆ. ಈ ಫೋಟೋದಲ್ಲಿ ಗುರಪ್ಪ ಮಸುಕು, ಅಕ್ಕ ಮಸುಕು, ತಮ್ಮನ ಮೀಸೆ ಮಸುಕು, ಕೂಸಿನ ಕೈಯಂತೂ ಹೊಗೆಯಂತೆ ಹರಡಿತ್ತು. ಕುರ್ಚಿಯಲ್ಲಿ ಕುಳಿತವಳು ಮಾತ್ರ ಸೀರೆಯ ಅಂಚಿನ ಎಳೆಯವರೆಗೂ ಸ್ಪಷ್ಟ. ಉಳಿದವರ ಕಣ್ಣಲ್ಲಿ ಬಾಗಿಲ ಬೆಳಕಿನ ಚುಕ್ಕೆ ಎಡಕ್ಕಿತ್ತು. ಅವಳ ಕಣ್ಣಲ್ಲಿ ನಟ್ಟನಡುವೆ. ಗುರಪ್ಪನವರ ಕೈ ಅವಳ ಹೆಗಲ ಮೇಲೆ ಇಟ್ಟಿದ್ದಲ್ಲ, ಅವಳು ಮುಂದಕ್ಕೆ ಬಾಗದಂತೆ ಹಿಡಿದದ್ದು. ಕೂಸನ್ನು ಹಿಡಿದದ್ದೂ ಅವಳ ಕೈಯಲ್ಲ, ಪಕ್ಕದಿಂದ ಬಂದ ಅಕ್ಕನ ಕೈ.

ನಮ್ಮ ಭಾಗದಲ್ಲಿ ಸತ್ತವರನ್ನು ಕೂರಿಸಿ, ಮನೆಮಂದಿ ಸುತ್ತ ನಿಂತು ಕೊನೆಯ ಫೋಟೋ ತೆಗೆಸುವ ರೂಢಿ ಇತ್ತು. ಅಂಥವನ್ನು ನಾನೇ ತೆಗೆದಿದ್ದೇನೆ. ಕೆಲವರು ಕಣ್ಣು ತೆರೆಸಿ ಕೊಡಿ ಅನ್ನುತ್ತಿದ್ದರು. ಆಗ ತೊಳೆದ ಪ್ರಿಂಟಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುವುದು. ಗಂಡ ಇರುವಾಗಲೇ ಸತ್ತ ಮುತ್ತೈದೆಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಅರಿಸಿನ ಕುಂಕುಮ ಹಚ್ಚುತ್ತಾರೆ. ಆ ಸಿಂಗಾರವನ್ನೇ ಮಗಳು ಹಬ್ಬದ ಸಿಂಗಾರ ಎಂದು ತಿಳಿದು ಬೆಳೆದಿದ್ದಳು.

ವಸಂತನಿಗೆ ಹೇಳಿದೆ. ಅವನು ಪ್ರಿಂಟನ್ನು ಕಿಟಕಿಗೆ ಒಯ್ದು ನೋಡಿದ. ಅದನ್ನು ಮಗುಚಿಟ್ಟು, “ಫೋಟೋ ತೋರಿಸೋದು ಬೇಡ ಸರ್. ಆದ್ರೆ ಶಾಟ್ ಬಿಡೋಕಾಗಲ್ಲ, ಇಡೀ ಕಥೆ ಅದರ ಮೇಲೇ ನಿಂತಿದೆ,” ಎಂದ. ಮಹಾದೇವಿಗೆ ಏನು ಹೇಳುವುದೆಂದು ಮೊದಲು ಗುರಪ್ಪನವರನ್ನೇ ಕೇಳುತ್ತೇನೆ ಎಂದೆ.

ಮಹಾದೇವಿ ಶಾಲೆಗೆ ಹೋದ ಹೊತ್ತು ನೋಡಿ ನಾನು ಗುರಪ್ಪನವರ ಮುಂದೆ ಕುಳಿತೆ. ಬಾಯಿ ತೆರೆಯುವ ಮೊದಲೇ ಅವರಿಗೆ ತಿಳಿಯಿತು.

“ನೀವು ಫೋಟೋದವರು. ನಿಮಗ ತಿಳೀತದ ಅಂತ ಗೊತ್ತಿತ್ರಿ,” ಎಂದರು. “ಅವತ್ತು ಮುಂಜಾನಿ ಮಹಾದೇವಿ ಅವ್ವ ಸಂಗಮ್ಮನ ಜೀವ ಹೋತು. ಅತ್ತ ತಹಶೀಲ ಕಚೇರಿ ಮುಂದ ಜಂಡಾ ಏರಸ್ಲತ್ತಿದ್ರು. ಅದರ ಫೋಟೋ ತೆಗೀಲಿಕ್ಕಿ ಬೀದರದಿಂದ ಒಬ್ಬಂವ ಬಂದಿದ್ದ. ನನ್ನ ತಮ್ಮ ಓಡಿ ಹೋಗಿ ಕರ್ಕೊಂಡು ಬಂದ. ಆಕಿದು ಅದಕ್ಕೂ ಮದಲ ಒಂದೂ ಫೋಟೋ ಇದ್ದಿಲ್ರಿ.”

“ಮಹಾದೇವಿಗೆ?”

“ಮಾತು ಬಂದ ಕೂಡ್ಲೇ ಕೂಸು ಅವ್ವ ಎಲ್ಲಿ ಅಂತ ಕೇಳ್ತು. ಫೋಟೋ ತೋರಿಸಿದೆ. ಯಾವಾಗ ತೆಗಿಸಿದ್ದು ಅಂತು. ಮೈಸೂರಿಗಿ ಸೇರಿದ ಖುಷಿಗಿ ಅಂದೆ. ಒಂದು ಸಲ ಅಂದ ಮ್ಯಾಲ ತಿರುಗಿ ಹ್ಯಾಂಗ ಹೇಳ್ಲಿ? ನಮ್ಮ ಅಕ್ಕನೂ ಸಾಯೋತನ ಬಾಯಿ ಬಿಡ್ಲಿಲ್ಲ. ನೀವೂ ಬಿಡಬ್ಯಾಡ್ರಿ.”

ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಫೋಟೋ ಬಹಳ ಮಾಸಿದೆ, ಟಿವಿಯಲ್ಲಿ ಸರಿ ಕಾಣುವುದಿಲ್ಲ ಎಂದು ವಸಂತ ಮಹಾದೇವಿಗೆ ಹೇಳಿದ. ಅವರ ಮುಖ ಬಾಡಿತು. ನಟಿಯನ್ನಾದರೂ ಅವ್ವನ ಹಾಗೇ ಕೂರಿಸಿರಿ ಎಂದು ಕೇಳಿಕೊಂಡರು.

ಚಿತ್ರೀಕರಣದ ದಿನ ಓಣಿಯ ಜನವೆಲ್ಲ ಬಾಗಿಲಲ್ಲಿ ಸೇರಿದ್ದರು. ಬಾಗಿಲಿಗೆ ಬಿಳಿ ಧೋತರ ಕಟ್ಟಿದರೆ ಬೆಳಕು ಸರಿಯಾಗುತ್ತಿತ್ತು, ಆದರೆ ನೋಡಲು ಬಂದವರಿಗೆ ಒಳಗಿನದು ಕಾಣದು ಎಂದು ಅರ್ಧಕ್ಕೇ ಕಟ್ಟಿದೆ. ಹಸಿರು ಸೀರೆ, ಹೂ, ಅಗಲ ಕುಂಕುಮ. ನಟಿ ಕುರ್ಚಿಗೊರಗಿ ಕುಳಿತಳು. ತೊಡೆಯ ಮೇಲೆ ನೆರೆಮನೆಯ ಕೂಸು, ಅದನ್ನು ಪಕ್ಕದಿಂದ ಹಿಡಿದ ಇನ್ನೊಬ್ಬ ನಟಿ. ಮಹಾದೇವಿ ರೇಷ್ಮೆ ಸೀರೆ ಉಟ್ಟು ನನ್ನ ಕ್ಯಾಮೆರಾ ಪಕ್ಕದಲ್ಲೇ ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. ನಟಿ ಕೊಂಚ ನಗಲಿ, ಕೂಸಿನ ಕಡೆ ತಿರುಗಲಿ ಎಂದು ವಸಂತನಿಗೆ ಮೆಲ್ಲಗೆ ಹೇಳಿದೆ.

“ಫೋಟೋದಲ್ಲಿ ಹೇಗಿದೆಯೋ ಹಾಗೇ ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ ಸರ್?” ಎಂದ ವಸಂತ. ನಟಿಯ ಕಡೆ ತಿರುಗಿ, “ರೆಪ್ಪೆ ಹೊಡೀಬೇಡಿ, ಉಸಿರು ಕಾಣಬಾರದು,” ಎಂದ.

ಕ್ಯಾಮೆರಾ ಓಡಿತು. ವ್ಯೂಫೈಂಡರಿನಲ್ಲಿ ಎಲ್ಲವೂ ನಾನು ಹಾಕಿದ ನಿಯಮದಂತೆಯೇ ಇತ್ತು. ಅವಳು ಒಳ್ಳೆಯ ನಟಿ. ಸ್ವಲ್ಪವೂ ಅಲುಗಲಿಲ್ಲ. ಆಗ ಬಾಗಿಲಿನಿಂದ ಒಂದು ದನಿ ಎದ್ದಿತು. ಓಣಿಯ ಮುದುಕಿ ನಾಗಮ್ಮ ಎದೆ ಬಡಿದುಕೊಂಡು ಒಳಗೇ ನುಗ್ಗಿದಳು.

“ಅಯ್ಯೋ ನನ್ನವ್ವಾ ಸಂಗಮ್ಮಾ! ಅವತ್ತಿನಂಗೇ ಕುಂತೀಯಲ್ಲೇ! ಈ ಕೂಸಿಗಿ ಯಾರ ಕೈಯಾಗ ಕೊಟ್ಟು ಹೊಂಟೀಯೇ!”

ಹೆಣದ ಮುಂದೆ ಅಳುವ ರಾಗ ಅದು. ಅವಳ ಹಿಂದೆ ಇನ್ನಿಬ್ಬರು ವಯಸ್ಸಾದವರು ಬಾಯಿಗೆ ಸೆರಗು ಹಿಡಿದು ಅಳತೊಡಗಿದರು. ಅವರಿಗೆ ಅದು ನಾಟಕವಾಗಿ ಕಾಣಲಿಲ್ಲ. ಇದೇ ಪಡಸಾಲೆಯಲ್ಲಿ ಇದೇ ಸಾವನ್ನು ಅವರು ಕಣ್ಣಾರೆ ಕಂಡಿದ್ದರು, ಮಗಳಿಗೆ ಎಲ್ಲ ಗೊತ್ತಿದೆ ಎಂದೇ ಇಷ್ಟು ವರ್ಷ ತಿಳಿದಿದ್ದರು. ತೊಡೆಯ ಮೇಲಿನ ಕೂಸು ಬೆದರಿ ಚೀರಿತು. ನಿರ್ದೇಶಕ ಹೇಳುವ ಮೊದಲೇ ನಾನು ಕ್ಯಾಮೆರಾ ನಿಲ್ಲಿಸಿದೆ. ಸರ್ವಿಸಿನಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ.

ಮಹಾದೇವಿ ಅಳಲಿಲ್ಲ. ಗೋಡೆಯ ಮೇಲಿನ ಫೋಟೋ ಇಳಿಸಿಕೊಂಡು ಬಾಗಿಲ ಬೆಳಕಿಗೆ ಬಂದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ದೊಡ್ಡದು ಮಾಡಿ ನೋಡೀರಿ ಸರ್. ಖರೇ ಹೇಳ್ರಿ. ಈ ಕಣ್ಣು ನಮ್ಮವ್ವನವು ಹೌದೋ, ಅಲ್ಲೋ?”

ಕೊಟ್ಟ ಮಾತು ನೆನಪಿತ್ತು. ಆದರೆ ಉಳಿಸಲು ಇನ್ನೇನು ಉಳಿದಿತ್ತು? “ಅಲ್ರೀ ಟೀಚರ್. ಕುಂಚದಿಂದ ಬರ್ದಾರ,” ಎಂದೆ.

“ಅಳಸ್ಲಿಕ್ಕಿ ಬರ್ತದೇನ್ರಿ?”

ನೀರಿನ ಬಣ್ಣವಾದರೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಬರುತ್ತದೆ ಎಂದೆ. ಅವರೇ ಒಳಗೆ ಹೋಗಿ ಒಂದು ಬಟ್ಟಲಲ್ಲಿ ನೀರು, ಹತ್ತಿ ತಂದಿಟ್ಟರು. ನಾನು ಫ್ರೇಮು ಬಿಚ್ಚಿ, ಗಾಜು ತೆಗೆದು, ಫೋಟೋವನ್ನು ಹಲಗೆಯ ಮೇಲಿಟ್ಟೆ. ವಸಂತನ ತಂಡವೆಲ್ಲ ಗೋಡೆಗೆ ಅಂಟಿಕೊಂಡು ನಿಂತಿತ್ತು. ಮಹಾದೇವಿ ಹತ್ತಿ ಹಿಂಡಿ ಕೈಯಲ್ಲಿ ಹಿಡಿದರು.

“ಸುಳ್ಳು ಅವ್ವ ಬ್ಯಾಡ ನನಗ,” ಎಂದರು. “ಕಣ್ಣು ಮುಚ್ಚಿದ್ರೂ ನಡೀತದ. ಖರೇ ಆಕಿ ಬೇಕು.”

ಗುರಪ್ಪ ಅಷ್ಟು ಹೊತ್ತೂ ಒಳಗಿನ ಬಾಗಿಲಲ್ಲಿ ನಿಂತಿದ್ದರು. ಗೋಡೆ ಹಿಡಿದುಕೊಂಡು ಬಂದು ಮಗಳ ಮುಂದೆ ನೆಲದ ಮೇಲೆ ಕುಳಿತರು.

“ಬ್ಯಾಡವ್ವಾ,” ಎಂದರು. “ನಿನಗ ಸುಳ್ಳು ಹೇಳಿದ್ದು ನಾನೇ, ನನಗ ಬೇಕಾದಂಗ ಬೈ. ಖರೇ ಆಕಿ ಕಣ್ಣು ಹ್ಯಾಂಗಿದ್ವು ಅನ್ನೋದು ನನಗ ನೆನಪೇ ಇಲ್ಲ. ಇವನ್ನೇ ನೋಡಿ ನೋಡಿ ಇವೇ ಆಕಿವು ಅಂತ ಕುಂತೀನಿ. ಇವೂ ಹೋದ್ರ ಆಕಿ ನನಗ ಪೂರಾ ಹೋದ್ಳು.”

ಮಹಾದೇವಿಯ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಂದೆಯ ಮುಖ ನೋಡಿದರು, ಫೋಟೋ ನೋಡಿದರು. ಹತ್ತಿಯನ್ನು ಬಟ್ಟಲಿಗೆ ಹಾಕಿದರು.

“ತಿರುಗಿ ಕಟ್ಟಿ ಕೊಡ್ರಿ ಸರ್,” ಎಂದರು.

ಗಾಜು ಕೂರಿಸಿ ಫ್ರೇಮಿನ ನಾಲ್ಕು ಮೊಳೆ ಬಡಿದು ಕೊಟ್ಟೆ. ನಾವು ಅಂದೇ ಭಾಲ್ಕಿ ಬಿಟ್ಟೆವು. ಆ ಶಾಟನ್ನು ವಸಂತ ತಾನಾಗಿಯೇ ಕಿತ್ತು ಹಾಕಿದ. ಧಾರಾವಾಹಿ ಗುಮಾಸ್ತನ ಕಚೇರಿಯ ಖಾಲಿ ಮೇಜಿನ ಶಾಟಿನೊಂದಿಗೆ ಮುಗಿಯಿತು. ನೋಡಿದವರು ಕೊನೆ ಸಪ್ಪೆ ಎಂದರು.

ಮುಂದೆಯೂ ಎಷ್ಟೋ ಧಾರಾವಾಹಿಗಳಿಗೆ ಹಳೆಯ ಫೋಟೋಗಳಿಂದ ಬೆಳಕು ಕದ್ದಿದ್ದೇನೆ. ಆದರೆ ಫೋಟೋ ಕೈಗೆ ಬಂದ ಕೂಡಲೇ ಬೆಳಕು ಎಲ್ಲಿಂದ ಬಿದ್ದಿದೆ ಎಂದು ನೋಡುವುದನ್ನು ಬಿಟ್ಟೆ. ಯಾಕೆ ತೆಗೆಸಿದಿರಿ ಎಂದು ಮೊದಲು ಮನೆಯವರನ್ನು ಕೇಳುತ್ತೇನೆ, ಅವರು ಹೇಳುವವರೆಗೆ ಕಾಯುತ್ತೇನೆ. ನಮ್ಮ ಕಸುಬಿನವರು ನಾವು ಮುಖಗಳನ್ನು ಉಳಿಸಿಕೊಡುತ್ತೇವೆ ಎಂದು ಬೀಗುತ್ತೇವೆ. ಗುರಪ್ಪನವರಿಗೆ ಅವರ ಹೆಂಡತಿಯ ಕಣ್ಣನ್ನು ಮರೆಸಿದ್ದು ಒಂದು ಫೋಟೋ. ಅದನ್ನು ಅವರ ಬಾಯಿಂದಲೇ ಕೇಳಿದ ಮೇಲೆ ನನ್ನ ಜಂಬ ಇಳಿಯಿತು, ಮತ್ತೆ ಏರಲಿಲ್ಲ.