ಸಮುದ್ರ ನೋಡಿ ಬಂದವರ ಸೂತಕ

ಹುನಗುಂದದ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ ಇದೆ. ನಾನು ಒಳಗೆ ರೊಟ್ಟಿ ಬಡಿಯುತ್ತೇನೆ, ಯಜಮಾನರು ಹೊರಗೆ ಬಡಿಸುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಹೋದ ವರ್ಷದವರೆಗೆ ಅದಕ್ಕೆ ಬೀಗ ಬಿದ್ದದ್ದು ಎರಡೇ ಸಲ, ಮಾವ ತೀರಿಕೊಂಡಾಗ ಮತ್ತು ಅತ್ತೆ ತೀರಿಕೊಂಡಾಗ. ಹಬ್ಬಕ್ಕೂ ಬಂದ್ ಮಾಡಿದವರಲ್ಲ, ಜ್ವರಕ್ಕಂತೂ ಇಲ್ಲವೇ ಇಲ್ಲ.

ಹೋದ ವರ್ಷ ಇಳಕಲ್ಲಿನಲ್ಲಿ ಶಿಕ್ಷಕಿಯಾಗಿರುವ ಮಗಳು, ನಮ್ಮನ್ನು ಒಂದು ಮಾತೂ ಕೇಳದೆ, ಗೋಕರ್ಣಕ್ಕೆ ಟಿಕೆಟ್ ತೆಗೆಸಿ ಕೈಗಿಟ್ಟಳು. ಯಜಮಾನರು ಗೊಣಗಿದರು.

"ನೀರು ನೋಡಾಕ ಅಲ್ಲೀತನಾ ಯಾಕ ಹೋಗಬೇಕು? ಕೂಡಲಸಂಗಮ ಇಲ್ಲೇ ಐತಲ್ಲ."

"ಅದು ಹೊಳಿ. ನಾ ಸಮುದ್ರ ನೋಡಬೇಕು," ಎಂದು ನಾನು ಹಟ ಹಿಡಿದೆ. ನಾನು ಹಟ ಹಿಡಿದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು.

ಐದು ದಿನ ಹೋಗಿ ಬಂದೆವು. ಗೊಣಗಿದ ಮನುಷ್ಯನೇ ಅಲ್ಲಿ ಪ್ಯಾಂಟು ಮಡಚಿಕೊಂಡು ನೀರಿಗಿಳಿದು, ತೆರೆ ಬಂದಾಗಲೆಲ್ಲ ಕೂಗಿ ಕುಣಿದು, ಎಲ್ಲರೆದುರು ನನ್ನ ಕೈ ಹಿಡಿದು ಎಳೆದರು. ಊರಿಗೆ ಬಂದ ಮೇಲೆ ಆ ಮಾತು ಎತ್ತಿದರೆ ಸಾಕು, ಕಿವಿ ಕೆಂಪಾಗುತ್ತಿದ್ದವು.

ಬೆಳಗಿನ ಬಸ್ಸಿನಲ್ಲಿ ಬಾಗಲಕೋಟೆಗೆ ಬಂದಿಳಿದು, ಅಲ್ಲಿಂದ ಹುನಗುಂದಕ್ಕೆ ಬಂದು, ಮರುದಿನವೇ ಖಾನಾವಳಿ ತೆರೆದೆವು. ನಸುಕಿನಲ್ಲೆದ್ದು ಜೋಳದ ಹಿಟ್ಟು ನಾದಿದೆ. ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು, ಎರಡನೆಯದು ಹಂಚಿಗೆ ಹಾಕುವಾಗ ಮುರಿಯಿತು. ಕೈ ಇನ್ನೂ ಸಮುದ್ರದ ದಂಡೆಯಲ್ಲೇ ಕುಳಿತಿತ್ತು. ನಾಲ್ಕೈದು ಬಡಿದ ಮೇಲೆ ತಾಳ ಸಿಕ್ಕಿತು, ಮತ್ತೆ ಎಂದಿನಂತೆ ರೊಟ್ಟಿ ಉಬ್ಬತೊಡಗಿತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ದಿನಾ ಬೈದುಕೊಂಡು ಮಾಡುವ ಕೆಲಸವನ್ನು ಐದು ದಿನ ಬಿಟ್ಟಿದ್ದಕ್ಕೇ ಇಷ್ಟು ನೆನೆದಿದ್ದೆನಲ್ಲ ಎಂದು ನನಗೇ ನಗು ಬಂತು. ಹಿಗ್ಗಿನಲ್ಲಿ ಎಣ್ಣೆಗಾಯಿ ಬದನೆಕಾಯಿ, ಝುಣಕ, ಶೇಂಗಾ ಚಟ್ನಿ ಎಲ್ಲವನ್ನೂ ಕೈತುಂಬ ಮಾಡಿದೆ.

ಊಟದ ಹೊತ್ತಾಯಿತು. ಯಾರೂ ಬರಲಿಲ್ಲ.

ಬಸ್ಸಿಗೆ ಕಾಯುವ ಗುರುತಿಲ್ಲದ ಒಬ್ಬಿಬ್ಬರು ಬಂದು ಉಂಡು ಹೋದರು. ದಿನಾ ಬರುವ ನಮ್ಮ ಮಂದಿಯ ಸುಳಿವೇ ಇಲ್ಲ. ಹೈಸ್ಕೂಲಿನ ಮಾಸ್ತರರೊಬ್ಬರು ಬಾಡಿಗೆ ಕೋಣೆಯಲ್ಲಿದ್ದು ಎರಡು ಹೊತ್ತೂ ನಮ್ಮಲ್ಲೇ ಉಣ್ಣುವವರು. ಅವರು ಬಾಗಿಲತನಕ ಬಂದರು, ಯಜಮಾನರಿಗೆ ಕೈಮುಗಿದು ಏನೋ ಅಂದರು, ಹಾಗೇ ತಿರುಗಿ ರಸ್ತೆ ದಾಟಿ ಎದುರಿನ ಖಾನಾವಳಿ ಹೊಕ್ಕರು.

"ಏನಂದ್ರು?" ಎಂದು ಒಳಗಿನಿಂದ ಕೇಳಿದೆ.

"ಏನಿಲ್ಲ, ನಮಸ್ಕಾರ ಅಂದ್ರು."

ಎದುರಿನ ಖಾನಾವಳಿ ಶುರುವಾಗಿ ಕೆಲವೇ ವರ್ಷ. ಅಲ್ಲಿ ರೊಟ್ಟಿ ಬಡಿಯುವವಳು ನನಗಿಂತ ಚಿಕ್ಕವಳು, ಗಟ್ಟಿ ಕೈಯವಳು. ಅವಳ ರೊಟ್ಟಿಯ ಸಪ್ಪಳ ನನಗೆ ಕೇಳುತ್ತದೆ, ನನ್ನದು ಅವಳಿಗೆ. ಅಷ್ಟು ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಐದು ದಿನದಲ್ಲಿ ನಮ್ಮ ಮಂದಿಯ ನಾಲಿಗೆ ಅವಳ ಕೈರುಚಿಗೆ ಒಗ್ಗಿಬಿಟ್ಟಿತೇ? ಹೋದವರು ತಿರುಗಿ ಬರದಿದ್ದರೆ? ಸಮುದ್ರದ ಹುಚ್ಚಿಗೆ ಹೊಟ್ಟೆಯ ಮೇಲೆ ಕಲ್ಲು ಹಾಕಿಕೊಂಡೆನಲ್ಲ ಎಂದು ಸಂಕಟವಾಯಿತು. ಬಡಿದ ರೊಟ್ಟಿಯೆಲ್ಲ ಬುಟ್ಟಿಯಲ್ಲಿ ಆರಿ ಕುಳಿತಿತ್ತು.

ಇಳಿಹೊತ್ತಿಗೆ ಅವಳೇ ಬಂದಳು. ಕೈಯಲ್ಲಿ ಬಟ್ಟೆಯ ಗಂಟು, ಮುಖ ಸಪ್ಪಗೆ.

"ಯಕ್ಕಾ, ಮಂದಿಗೆ ಬಡಿದ್ರೂ ನೀವು ಉಂಡಿರೋ ಇಲ್ಲೋ ಅಂತ ಎರಡು ರೊಟ್ಟಿ, ಪುಂಡಿಪಲ್ಯಾ ತಂದೇನ್ರಿ. ಹೋದವರು ಹೋದ್ರು, ಇದ್ದವರು ಉಣ್ಣಬೇಕಲ್ರಿ."

"ಯಾರು ಹೋದ್ರು?"

ಅವಳು ಗಾಬರಿಯಾದಳು. "ಚೊಳಚಗುಡ್ಡದ ನಿಮ್ಮ ದೊಡ್ಡಪ್ಪಾರು ತೀರಿಕೊಂಡ್ರಂತಲ್ರಿ? ಸೂತಕ ಕಳೀಲಿ ಅಂತ ಮಂದಿ ನಿಮ್ಮಲ್ಲಿ ಉಣ್ಣಾಕ ಬಂದಿಲ್ಲ."

ನಾನು ಯಜಮಾನರತ್ತ ತಿರುಗಿದೆ. ಅವರು ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಿದ್ದರು. ಜಬರಿಸಿ ಕೇಳಿದಾಗ ಎಲ್ಲ ಹೊರಬಿತ್ತು. ಹೊರಡುವ ಮುನ್ನ ಯಾಕೆ ಬಂದ್ ಎಂದು ಕೇಳಿದವರಿಗೆ "ದೊಡ್ಡಪ್ಪಗ ಆರಾಮಿಲ್ಲ" ಎಂದು ಹೇಳಿದ್ದರಂತೆ. ಮಡಕೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾಗದು. ನಮ್ಮ ಬಾಗಿಲು ಸಾವಿಗಷ್ಟೇ ಮುಚ್ಚುತ್ತದೆಂದು ಊರಿಗೆಲ್ಲ ಗೊತ್ತು, ಹಾಗಾಗಿ ಉಳಿದ ಕಥೆಯನ್ನು ಮಂದಿಯೇ ಮುಗಿಸಿದ್ದರು. ಬೆಳಿಗ್ಗೆಯಿಂದ ಮಾಸ್ತರರ ಹಾಗೆ ಬಾಗಿಲಲ್ಲೇ ಸಮಾಧಾನ ಹೇಳಿ ಹೋದವರೆದುರು ಇವರು ತಲೆಯಾಡಿಸುತ್ತ ನಿಂತಿದ್ದರು. ದೊಡ್ಡಪ್ಪನೋ, ಈಗಲೂ ನನಗಿಂತ ಎರಡು ರೊಟ್ಟಿ ಹೆಚ್ಚಿಗೆ ಉಣ್ಣುವ ಆಸಾಮಿ.

"ಈ ವಯಸ್ಸಿನಾಗ ನೀರಾಗ ಆಡಾಕ ಹೋಗಿದ್ವಿ ಅಂತ ಹೆಂಗ ಹೇಳಲಿ?" ಎಂದರು ಯಜಮಾನರು.

ಅವಳು ಸೆರಗು ಬಾಯಿಗೆ ಹಿಡಿದು ಎಷ್ಟು ನಕ್ಕಳೆಂದರೆ ಬೆಂಚಿನ ಮೇಲೆ ಕುಳಿತುಬಿಟ್ಟಳು. ನಗು ಮುಗಿದ ಮೇಲೆ ಸಿಟ್ಟು ಬಂತು. "ನೀವು ನೀರಾಗ ಆಡ್ರಿ, ನಿಮ್ಮ ಮಂದಿಗೂ ನಾನ ಬಡದು ಸಾಯ್ತೇನಿ! ಕೈ ನೋಡ್ರಿಲ್ಲೆ." ಮಣಿಕಟ್ಟಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದಳು. ಆ ನೋವು ಎಂಥದ್ದೆಂದು ಹುನಗುಂದದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಕೂಡು ತಂಗಿ," ಎಂದು ಹಂಚು ಕಾಯಲಿಟ್ಟೆ. ಉಬ್ಬಿದ ರೊಟ್ಟಿಯನ್ನು ನೇರ ಅವಳ ತಾಟಿಗೆ ಹಾಕಿ ಬೆಣ್ಣೆ ಇಟ್ಟೆ. ಅವಳು ಮುರಿಯದೆ ಅದನ್ನೇ ನೋಡುತ್ತ ಕುಳಿತಳು.

"ಬಿಸಿ ರೊಟ್ಟಿ ಕುಂತು ಉಂಡು ಯಾ ಕಾಲಾತ್ರಿ ಯಕ್ಕಾ," ಎಂದಳು.

ಅವಳು ನನ್ನ ರೊಟ್ಟಿ ಉಂಡಳು, ನಾನು ಅವಳದು ಉಂಡೆ. ಅವಳದು ನನ್ನದಕ್ಕಿಂತ ತೆಳು. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ಸಮುದ್ರ ಹೇಗಿರುತ್ತದೆ ಎಂದು ಕೇಳಿದಳು. "ಅಲ್ಲಿ ನನಗ ಯಾರೂ ಇನ್ನೊಂದು ರೊಟ್ಟಿ ಅನ್ನಲಿಲ್ಲ," ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಹೊರಗೆ ಹೋದವಳೇ ರಸ್ತೆಯ ನಡುವೆ ನಿಂತು, ಎದುರಿಗೆ ಬರುತ್ತಿದ್ದ ಮಾಸ್ತರರಿಗೆ ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು. "ಯಾರೂ ಸತ್ತಿಲ್ರೀ! ಇವರು ಗಂಡ ಹೆಂಡ್ತಿ ಸಮುದ್ರ ನೋಡಾಕ ಹೋಗಿದ್ರು! ನಿಮ್ಮ ಖಾನಾವಳಿಗೆ ನೀವು ನಡೀರಿ!" ಯಜಮಾನರು ಹಿಟ್ಟಿನ ಡಬ್ಬಿಯ ಹಿಂದೆ ಏನೋ ಹುಡುಕತೊಡಗಿದರು.

ಸಂಜೆಗೆ ಬೆಂಚುಗಳೆಲ್ಲ ತುಂಬಿದವು. ಒಬ್ಬೊಬ್ಬರೂ ಯಜಮಾನರನ್ನು ಕಾಡಿಸಿ ಕಾಡಿಸಿ ಉಂಡರು. ನನಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. ಬೆನ್ನು ನೋಯುತ್ತಿತ್ತು, ಮನಸ್ಸು ತಣ್ಣಗಿತ್ತು. ಮಾಸ್ತರರು ಕೈ ತೊಳೆದು ಅಡುಗೆಮನೆಯ ಬಾಗಿಲಿಗೆ ಬಂದರು.

"ಅಕ್ಕಾರ, ಇನ್ನೊಮ್ಮೆ ಹಿಂಗ ನಮ್ಮನ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ."

"ಹೋಗ್ತೇನ್ರಿ ಮಾಸ್ತರ," ಎಂದೆ. "ಮುಂದಿನ ವರ್ಷ ಎದುರಿನ ಅಕಿನ್ನೂ ಕರ್ಕೊಂಡು ಹೋಗ್ತೇನಿ. ಅಲ್ಲೀಮಟ ನೀವೆಲ್ಲಾ ರೊಟ್ಟಿ ಬಡಿಯೂದು ಕಲೀರಿ."