ಚಂದ್ರನ ಹಿಂದಿನ ಕೊಂಡಿ

ನಮ್ಮ ಮನೆಯ ನಡುಕೋಣೆಯ ಸೂರಿನಲ್ಲಿ ಎರಡು ಕಬ್ಬಿಣದ ಕೊಂಡಿಗಳಿದ್ದವು. ಒಂದು ಫ್ಯಾನಿಗೆ, ಇನ್ನೊಂದು ತೊಟ್ಟಿಲಿಗೆ. ನಂಜನಗೂಡಿನ ಈ ಮನೆಗೆ ತಾರಸಿ ಹಾಕಿಸುವ ದಿನ ನಮ್ಮ ಮಾವನವರು ಮೇಸ್ತ್ರಿಯ ಎದುರು ನಿಂತು, ಕಾಂಕ್ರೀಟು ಸುರಿಯುವ ಮೊದಲೇ ಆ ಎರಡನೆಯ ಕೊಂಡಿಯನ್ನು ಕಂಬಿಗೆ ಬಿಗಿಸಿದ್ದರು. ಆಗ ನಾನು ಹೊಸ ಮದುವಣಗಿತ್ತಿ. ಕೊಂಡಿ ಯಾತಕ್ಕೆಂದು ಮೇಸ್ತ್ರಿ ಕೇಳಿದಾಗ ನಾಚಿಕೆಯಿಂದ ಅಡುಗೆಮನೆ ಸೇರಿಬಿಟ್ಟಿದ್ದೆ. ಆಮೇಲೆ ಅದರಲ್ಲಿ ನನ್ನ ಮಗ ಮಹೇಶನ ತೊಟ್ಟಿಲು ತೂಗಿತು. ಅವನು ದೊಡ್ಡವನಾದ ಮೇಲೆ ಬಾಳೆಗೊನೆ ತೂಗಿತು, ಸೊಳ್ಳೆಪರದೆ ತೂಗಿತು. ಏನೂ ಇಲ್ಲದಾಗ ಸುಮ್ಮನೆ ಇತ್ತು. ಅಂಥ ಕೊಂಡಿಯನ್ನು ನನ್ನ ಮಗ ಚಂದ್ರನಿಂದ ಮುಚ್ಚಿಸಿದ. ಆಕಾಶದ ಚಂದ್ರನಲ್ಲ, ಪ್ಲಾಸ್ಟರ್ ಆಫ್ ಪ್ಯಾರಿಸ್ ಚಂದ್ರ.

ಸೊಸೆ ಸೌಮ್ಯ ಬಸುರಿಯಾದದ್ದೇ ತಡ, ಮಹೇಶನಿಗೆ ಆ ನಡುಕೋಣೆಯನ್ನೇ ಮಗುವಿನ ಕೋಣೆ ಮಾಡಬೇಕೆಂಬ ಹುಚ್ಚು ಹತ್ತಿತು. ಅದನ್ನು ಅವನು ನರ್ಸರಿ ಎನ್ನುತ್ತಿದ್ದ. ನನಗೆ ನರ್ಸರಿ ಎಂದರೆ ತೆಂಗಿನ ಸಸಿ ಮಾರುವ ಜಾಗ. ಇರಲಿ. ಮೈಸೂರಿನಿಂದ ಒಬ್ಬ ಅಲಂಕಾರದ ಪರಿಣತ ಬಂದ. ಗೋಡೆಗಳನ್ನು ತಟ್ಟಿ ನೋಡಿ, ಕೋಣೆಗೊಂದು ಥೀಮ್ ಬೇಕೆಂದ. ನಾಲ್ಕು ಗೋಡೆ, ಒಂದು ಕಿಟಕಿ ಸಾಲದೆ ಹುಟ್ಟುವ ಮಗುವಿಗೆ ಥೀಮ್ ಬೇರೆ ಬೇಕೇ, ನೀವೇ ಹೇಳಿ. ಕಾಡಿನ ಥೀಮ್ ಎಂದು ತೀರ್ಮಾನವಾಯಿತು. ಗುಂಡ್ಲುಪೇಟೆ ದಾಟಿದರೆ ನಿಜವಾದ ಆನೆಯೇ ರಸ್ತೆಗೆ ಅಡ್ಡ ನಿಲ್ಲುವ ಸೀಮೆಯಲ್ಲಿ, ನಮ್ಮ ಗೋಡೆಗೆ ಆಫ್ರಿಕಾದ ಜಿರಾಫೆ ಬಂತು. ಅದರ ಪಕ್ಕದಲ್ಲಿ, ಯಾವ ಕಾಡಿನದೋ ಕಾಣೆ, ಒಂದು ಪೆಂಗ್ವಿನ್ನು. ಏಪ್ರಿಲ್ ತಿಂಗಳ ನಂಜನಗೂಡಿನ ಸೆಕೆಯಲ್ಲಿ ಆ ಪೆಂಗ್ವಿನ್ನನ್ನು ಕಂಡಾಗಲೆಲ್ಲ ಒಂದು ಲೋಟ ಮಜ್ಜಿಗೆ ಕೊಡಬೇಕೆನಿಸುತ್ತಿತ್ತು.

ಬಣ್ಣದ ಮಾತು ಕೇಳಬೇಡಿ. ಹಸಿರೆಂದರೆ ಹಸಿರಲ್ಲ, ನೀಲಿಯೆಂದರೆ ನೀಲಿಯಲ್ಲ. ಚೆನ್ನಾಗಿದ್ದ ಬಣ್ಣವನ್ನು ಜಾಲಾಡಿ ಜಾಲಾಡಿ ಕಾಂತಿ ಕಳೆದ ಹಾಗಿತ್ತು. ಆಮೇಲೆ ಸಾಮಾನುಗಳ ಮೆರವಣಿಗೆ. ಮಗುವಿನ ಬಟ್ಟೆ ಬದಲಿಸಲೆಂದೇ ಸೊಂಟದೆತ್ತರದ ಮೇಜು. ಕಾಲು ನೀಡಿ ಕೂತರೆ ದೇವರು ಕೊಟ್ಟ ಮೇಜು ನಮ್ಮೆಲ್ಲರಿಗೂ ಇಲ್ಲವೆ? ಹಾಲೂಡಿಸಲು ತೂಗುಕುರ್ಚಿ, ನಮ್ಮ ಸೌಮ್ಯ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿದರೆ ಮಾತ್ರ ಹಾಯಾಗಿ ಉಸಿರಾಡುವ ಹುಡುಗಿ. ಮಗು ಅತ್ತರೆ ಫೋನಿನಲ್ಲಿ ಕೇಳಿಸುವ ಕ್ಯಾಮೆರಾ. ಅಡುಗೆಮನೆಯಲ್ಲಿ ಸೀನಿದರೆ ಗೇಟಿನ ಹೊರಗಿರುವ ಹಾಲಿನವಳು ಹರಸುವಷ್ಟು ಚಿಕ್ಕ ಮನೆ ನಮ್ಮದು. ಇವೆಲ್ಲದರ ನಡುವೆ, ಕಟಕಟೆಯಂಥ ಕಂಬಿಗಳ ಬಿಳಿಯ ಮಂಚ. ಇನ್ನೂ ಹುಟ್ಟದ ಕೂಸು ಯಾವ ತಪ್ಪು ಮಾಡಿತ್ತೋ, ಅದಕ್ಕೆ ಆಗಲೇ ಕಟಕಟೆ ಸಿದ್ಧವಾಗಿತ್ತು.

ಕೊನೆಗೆ ಸೂರು. ಪರಿಣತ ಮೇಲೆ ನೋಡಿ, ಅಲ್ಲೊಂದು ತುಕ್ಕು ಹಿಡಿದ ಕೊಂಡಿ ಕಂಡು ಮೂಗು ಮುರಿದ. ಒಂದು ವಾರದಲ್ಲಿ ಅಲ್ಲಿ ಮೋಡ, ನಕ್ಷತ್ರ, ಕೊಂಡಿಯಿದ್ದ ಜಾಗಕ್ಕೆ ಸರಿಯಾಗಿ ದುಂಡನೆಯ ಚಂದ್ರ. ಕೊಂಡಿ ಬೇಕಾಗುತ್ತದೆ ಕಣೋ ಎಂದು ಮಗನಿಗೆ ಹೇಳಿದೆ. ಈಗ ಯಾರಮ್ಮ ಅದರಲ್ಲಿ ತೂಗುತ್ತಾರೆ ಎಂದ.

ಇಷ್ಟೆಲ್ಲ ಮಾಡುವಾಗ ನನ್ನ ಮಗ ಒಂದು ಸಣ್ಣ ಸಂಗತಿಯನ್ನು ಮರೆತಿದ್ದ. ಚೊಚ್ಚಲ ಹೆರಿಗೆ ತವರಿನಲ್ಲಿ. ಸೌಮ್ಯಳ ತವರು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಏಳನೆಯ ತಿಂಗಳಲ್ಲಿ ಬಳೆ ತೊಡಿಸಿ, ಮಡಿಲು ತುಂಬಿ, ಅವಳಮ್ಮ ಕರೆದುಕೊಂಡು ಹೋದರು. ಇನ್ನು ಹೆರಿಗೆಯಾಗಿ, ಬಾಣಂತನ ಮುಗಿದು, ಮಗುವಿಗೆ ಐದನೆಯ ತಿಂಗಳು ಬೀಳುವವರೆಗೆ ತಾಯಿ ಮಗು ಇಬ್ಬರೂ ಅಲ್ಲೇ. ಅತ್ತ ಹೆಮ್ಮಿಗೆಯಲ್ಲಿ ಮೊಮ್ಮಗಳು ಹುಟ್ಟಿ, ಬೀಗಿತ್ತಿಯ ಹಳೆಯ ನೂಲಿನ ಸೀರೆಯ ಜೋಲಿಯಲ್ಲಿ, ಬದನವಾಳಿನ ಖಾದಿ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆಯಲ್ಲಿ ಸುಖವಾಗಿ ನಿದ್ರಿಸುತ್ತಿದ್ದಳು. ಇತ್ತ ನಂಜನಗೂಡಿನಲ್ಲಿ ಜಿರಾಫೆಯೂ ಪೆಂಗ್ವಿನ್ನೂ ಒಂದರ ಮುಖ ಒಂದು ನೋಡುತ್ತ ನಿಂತಿದ್ದವು. ನಮ್ಮೂರ ಕಪಿಲೆಯಾದರೂ ಹರಿದು ನರಸೀಪುರ ಸೇರುತ್ತಾಳೆ. ಈ ಕೋಣೆ ಎಲ್ಲಿಗೆ ಹೋಗಬೇಕು? ನಾನು ದಿನಾ ಅದರ ಧೂಳು ಒರೆಸುತ್ತಿದ್ದೆ, ಒರೆಸುತ್ತ ಬೈಯುತ್ತಿದ್ದೆ.

ಭಾನುವಾರ ಬಂತೆಂದರೆ ಮಹೇಶ ಹಣ್ಣಿನ ಚೀಲ ತಗುಲಿಸಿಕೊಂಡು ಬೈಕಿನಲ್ಲಿ ಹೆಮ್ಮಿಗೆಗೆ ಹೋಗುತ್ತಿದ್ದ. ಅಳಿಯ ಬಂದರೆಂದು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮಗುವನ್ನು ತಂದು ತುಸು ಹೊತ್ತು ತೋರಿಸಿ, ಗಾಳಿ ತಾಗೀತೆಂದು ಒಳಕ್ಕೆ ಒಯ್ಯುತ್ತಿದ್ದರಂತೆ. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಹೊರಗೆ ಬರುತ್ತಿತ್ತು, ಇವನು ಒಳಗೆ ಹೋಗುವಂತಿರಲಿಲ್ಲ. ಸೌಮ್ಯಳಿಗೆ ಫೋನಿನಲ್ಲಿ ಕೋಣೆಯ ಚಿತ್ರ ತೋರಿಸಿ ಬರುತ್ತಿದ್ದ. ಬಂದವನು ಮತ್ತೊಂದು ಗೊಂಬೆ ತಂದು ಮಂಚದಲ್ಲಿಡುತ್ತಿದ್ದ. ಇದಕ್ಕೇನು ಕೊನೆಯಿಲ್ಲವೇ ಎಂದು ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ.

ಐದನೆಯ ತಿಂಗಳಲ್ಲಿ ಮಗು ಬಂತು. ಬೀಗಿತ್ತಿ ಜೊತೆಗೆ ಬಂದರು. ಬಾಗಿಲಲ್ಲಿ ಆರತಿ ಎತ್ತಿದೆವು. ಮಹೇಶ ಅಂದು ಫ್ಯಾಕ್ಟರಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮಗಳನ್ನು ತಾನೇ ಎತ್ತಿಕೊಂಡು ಆ ಕೋಣೆಗೆ ಒಯ್ದು ಮಂಚದಲ್ಲಿ ಮಲಗಿಸಿದ. ಅವಳು ಕಂಬಿ ನೋಡಿದಳು, ಜಿರಾಫೆ ನೋಡಿದಳು, ಬಾಯಿ ತೆರೆದಳು. ಅದೆಂಥ ಅಳು. ಗಿಲಕಿ ಆಡಿಸಿದ, ಅಳು. ಗೋಡೆಯ ಮೇಲೆ ಮೀನಿನ ನೆರಳು ಓಡಿಸುವ ದೀಪ ಹಚ್ಚಿದ, ಅಳು. ಎತ್ತಿ ಎದೆಗೊರಗಿಸಿಕೊಂಡ. ಅವಳು ತಲೆಯೆತ್ತಿ ಅವನ ಮುಖವನ್ನೇ ನೋಡಿ, ಇವನು ಯಾರೆಂದು ಒಂದು ಗಳಿಗೆ ಯೋಚಿಸಿ, ಮೊದಲಿಗಿಂತ ಜೋರಾಗಿ ಅಳುತ್ತ ಅಜ್ಜಿಯ ಕಡೆ ಕೈ ಚಾಚಿದಳು. ಮಗುವನ್ನು ಕೊಟ್ಟುಬಿಟ್ಟ. ಕೊಟ್ಟ ಮೇಲೂ ಅವನ ಕೈಗಳು ಹಾಗೆಯೇ ಮಡಿಸಿಕೊಂಡಿದ್ದವು.

ಬೀಗಿತ್ತಿ ಮಗುವಿನ ಬೆನ್ನು ತಟ್ಟುತ್ತ ಮೇಲೆ ಕೆಳಗೆ ನೋಡಿದರು. “ಅಕ್ಕಾ, ಕೂಸ್ಗೆ ಜೋಲಿಲೇ ಮನಗಿ ರೂಢಿ ಕಣಕ್ಕ. ಕೊಂಡಿ ಎಲ್ಲದೆ?”

ಎಷ್ಟೋ ತಿಂಗಳಿಂದ ನಾನು ಈ ಗಳಿಗೆಗಾಗಿ ಒಂದು ಮಾತನ್ನು ಮಸೆದಿಟ್ಟಿದ್ದೆ. ಆದರೆ ಮಗನ ಮುಖ ನೋಡಿದೆ, ಮಸೆದದ್ದನ್ನು ಒರೆಗೆ ಸೇರಿಸಿದೆ. ಮಗುವಿನ ಮೈಗೆ ಎಣ್ಣೆ ತಿಕ್ಕಿದ್ದು, ನೀರು ಹುಯ್ದದ್ದು, ದೃಷ್ಟಿ ತೆಗೆದದ್ದು, ಹೆಸರು ಕೂಗಿದ್ದು ಎಲ್ಲವೂ ಹೆಂಗಸರದು. ಈ ತವರಿನ ವಾಡಿಕೆಯನ್ನು ನಾನು ಹೀಗಳೆಯುವುದಿಲ್ಲ. ನಾನೂ ನನ್ನಮ್ಮನ ಮನೆಯಲ್ಲಿ ಬಿಸಿನೀರು ಹುಯ್ಯಿಸಿಕೊಂಡು ಜೀವ ಉಳಿಸಿಕೊಂಡವಳು. ಆದರೆ ತಂದೆಯಾದವನು ಆ ದಿನಗಳಲ್ಲಿ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಅವನ ಪಾಲಿಗೆ ಜಗಲಿ, ಕಾಫಿ, ಒಂದು ಇಣುಕು ನೋಟ. ಕೈಗೆ ಕೂಸು ಸಿಗದವನು ಕೋಣೆಯನ್ನು ಹಿಡಿದುಕೊಂಡ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಸಂಕಟ, ಇಷ್ಟು ದಿನ ಧೂಳು ಒರೆಸಿದ ನನಗೇ ಕಾಣಲಿಲ್ಲವಲ್ಲ.

“ಅಮ್ಮ, ಕೊಂಡಿ ಎಲ್ಲಿತ್ತು, ಸರಿಯಾಗಿ ತೋರಿಸು” ಎಂದ.

“ಚಂದ್ರನ ಹಿಂದೆ” ಎಂದೆ.

ಮಗುವನ್ನು ಜಗಲಿಗೆ ಕಳಿಸಿದ. ಸ್ಟೂಲು ಹಾಕಿ, ಸುತ್ತಿಗೆ ತಂದು, ತಾನೇ ಆಸೆಪಟ್ಟು ಕಟ್ಟಿಸಿದ ಚಂದ್ರನನ್ನು ತಾನೇ ಒಡೆದ. ಪುಡಿ ಅವನ ತಲೆ, ರೆಪ್ಪೆ, ಇಸ್ತ್ರಿ ಶರ್ಟಿನ ಮೇಲೆಲ್ಲ ಸುರಿಯಿತು. ಹಾಗೆ ಬೆಳ್ಳಗಾಗಿ ನಿಂತಾಗ ಥೇಟು ನಮ್ಮ ಮಾವನವರ ಹಾಗೆ ಕಂಡ. ಕೊಂಡಿ ಇದ್ದಲ್ಲೇ ಇತ್ತು. ಹಗ್ಗ ಕಟ್ಟಿ, ತನ್ನ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದು ನೋಡಿದ. ನಾನೂ ಸೌಮ್ಯಳೂ ಪುಡಿ ಗುಡಿಸಿ ನೆಲ ಒರೆಸಿದೆವು. ಬೀಗಿತ್ತಿ ಸೀರೆಯ ಜೋಲಿ ಕಟ್ಟಿ, ಪದ್ಧತಿಯಂತೆ ಮೊದಲು ಹಿತ್ತಿಲಿನ ಗುಂಡುಕಲ್ಲನ್ನು ಮಲಗಿಸಿ ತೂಗಿ, ಅದನ್ನಿಳಿಸಿ ಮಗುವನ್ನು ಮಲಗಿಸಿದರು. ಆಮೇಲೆ ಹಗ್ಗವನ್ನು ತಾವು ಹಿಡಿಯದೆ ಅಳಿಯನ ಕಡೆ ಚಾಚಿದರು. “ನೀವೇ ತೂಗಿ ಅಳಿಯಂದ್ರೆ. ಅದ್ಕೂ ನಿಮ್ಮ ಕೈ ಗೊತ್ತಾಗ್ಲಿ” ಎಂದರು.

ತೂಗಿದ. ಹಾಡು ಬರದವನು, ಏನೋ ಗುನುಗಿದ. ಸೀರೆಯ ಮಡಿಕೆಯಲ್ಲಿ ಮುಖ ಕಾಣದ್ದರಿಂದಲೋ ಏನೋ, ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ, ನಿದ್ದೆಯಾಯಿತು. ಕೂತ ಕಾಲು ಜೋಮು ಹಿಡಿದರೂ ಅವನು ಏಳಲಿಲ್ಲ. ಊಟಕ್ಕೆ ಕರೆದರೆ ತಲೆಯಲ್ಲಾಡಿಸಿದ. ಬಿಸಿಲು ಇಳಿಯುವ ಹೊತ್ತಿಗೆ ಮಡಿಕೆ ಸರಿಯಿತು, ಎರಡು ಕಣ್ಣು ಹೊರಗೆ ಇಣುಕಿದವು. ಬಹಳ ಹೊತ್ತು ಅವನನ್ನೇ ನೋಡಿದವು. ಅಳು ಬರಲಿಲ್ಲ.

ಆ ಕೋಣೆಯ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅದು ಶುದ್ಧ ತಲೆಹರಟೆ. ಕಟಕಟೆ ಮಂಚದಲ್ಲಿ ಈಗ ಒಗೆದ ಬಟ್ಟೆ ಮಡಿಸಿಡುತ್ತೇವೆ, ಮೇಜಿನ ಮೇಲೆ ಹಪ್ಪಳದ ಡಬ್ಬವಿದೆ. ಚಂದ್ರನನ್ನು ಮತ್ತೆ ಕೂರಿಸಿಕೊಡುತ್ತೇನೆಂದು ಆ ಪರಿಣತ ಎರಡು ಸಲ ಫೋನು ಮಾಡಿದ. ಬೇಡವೆಂದವನು ಮಹೇಶನೇ. ಒಡೆದ ಆಕಾಶದ ನಡುವೆ ಮಾವನವರ ಕೊಂಡಿ ಎಲ್ಲರಿಗೂ ಕಾಣುವಂತೆ ನಿಂತಿದೆ. ಸಂಜೆ ಬೈಕಿನ ಸದ್ದು ಗೇಟಿನ ಹತ್ತಿರ ಕೇಳಿದ ಕೂಡಲೇ ಜೋಲಿ ತನ್ನಷ್ಟಕ್ಕೆ ಅಲುಗಾಡತೊಡಗುತ್ತದೆ, ಒಳಗಿನವಳು ಕಾಲು ಬಡಿಯುತ್ತಾಳೆ.