ಸೀರೆ ಅಂಗಡಿಯಲ್ಲಿ ಎರಡನೆಯ ಭಾಷೆ

ಬಿ.ಎಡ್. ಓದಲು ನಾನು ಮೂಡಲಗಿಯಿಂದ ಗೋಕಾಕಕ್ಕೆ ದಿನಾ ಬಸ್ಸು ಹಿಡಿಯುತ್ತಿದ್ದ ಕಾಲ, ಎರಡು ಸಾವಿರದ ಇಸವಿಯ ಆಸುಪಾಸು. ಆಗಲೇ ಅಣ್ಣನ ಮದುವೆಯಾಯಿತು. ವೈನಿ, ಅಂದರೆ ಅತ್ತಿಗೆ, ಸಂಕೇಶ್ವರದಾಚೆ, ಗಡಿ ದಾಟಿದ ಮೇಲಿನ ಊರಿನವರು. ಅವರ ತವರಿನದೂ ನಮ್ಮ ಹಾಗೆ ಜವಳಿ ಅಂಗಡಿ. ಸೆರಗು ಮುಟ್ಟಿದರೆ ಸಾಕು, ನೂಲು ಎಂಥದು, ಬಣ್ಣ ನಿಲ್ಲುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದರು. ಹೇಳುತ್ತಿದ್ದದ್ದು ಮಾತ್ರ ಮರಾಠಿಯಲ್ಲಿ. ಮೈದುನನಾದ ನನ್ನನ್ನು ಕರೆಯುತ್ತಿದ್ದದ್ದೂ ಮರಾಠಿಯಲ್ಲೇ, "ಭಾವೂಜಿ" ಎಂದು.

ಅವರಿಗೊಂದೇ ಆಸೆ: ನಮ್ಮ ಅಂಗಡಿಯ ಸೀರೆ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಬೇಕು. ಅಪ್ಪನ ಉತ್ತರವೂ ಒಂದೇ: "ತುಕ್ಕಾನಟ್ಟಿ ಹೆಣ್ಮಕ್ಕಳು ಸಂತಿಗೆ ಬಂದು ಮರಾಠಿ ಕೇಳ್ಕೋತ ಕೂಡ್ತಾರೇನು? ದೀಪಾವಳಿ ತನಕ ಕನ್ನಡ ಬಂದ್ರ ಬರ್ಲಿ. ಇಲ್ಲಂದ್ರ ಪಗಾರಕ್ಕ ಒಬ್ಬಾಕಿನ್ನ ಇಡ್ತೇನಿ."

ನಾನು ಹುಕ್ಕೇರಿ, ಗೋಕಾಕದ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ನಿಂತು ಗೆದ್ದವನು. ಇಂಥ ಷರತ್ತು ಕೇಳಿ ಸುಮ್ಮನಿರುವುದುಂಟೇ? ಕಾಲೇಜಿನಲ್ಲಿ ಆಗ ದ್ವಿತೀಯ ಭಾಷಾ ಕಲಿಕೆಯ ಪಾಠ ನಡೆದಿತ್ತು. ಭಾಷೆಯೆಂದರೆ ರೂಢಿ, ತಪ್ಪಿಲ್ಲದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿದರೆ ಮೈಗೂಡುತ್ತದೆ ಎಂಬುದು ಒಂದು ಸಿದ್ಧಾಂತ. "ಇದು ರೇಷ್ಮೆ ಸೀರೆ" ಎಂದು ಹೇಳಿಸಿದೆ. ವಾರಗಟ್ಟಲೆ ಹೇಳಿದರು, ಶುದ್ಧವಾಗಿಯೇ ಹೇಳಿದರು. ನೆರೆಮನೆಯ ಅಜ್ಜಿ "ಏನವಾ, ಊಟ ಆತೇನು?" ಎಂದಾಗ ಮಾತ್ರ ಬೆಬ್ಬಳಿಸಿ ನನ್ನ ಮುಖ ನೋಡಿದರು.

"ಮಾಸ್ತರ, ನಿನ್ನ ರೇಷ್ಮಿ ಸೀರಿ ಉಡಾಕ ಬರೂದಿಲ್ಲ ಬಿಡೋ," ಎಂದಳು ಅವ್ವ.

ಇನ್ನೊಂದು ಸಿದ್ಧಾಂತವಿತ್ತು. ತಿಳಿಯುವಂಥ ಮಾತು ಧಾರಾಳವಾಗಿ ಕಿವಿಗೆ ಬೀಳಬೇಕು, ಅಂಜಿಕೆ ಇರಬಾರದು. ಕಲಿಯುವವರ ಮೊದಲ ಮೌನವೂ ಕಲಿಕೆಯೇ. ಇದೂ ನನಗೆ ಅನುಮಾನವೇ. ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿದ್ದರಲ್ಲ, ಕಿವಿಗೆ ಬಿದ್ದ ಕನ್ನಡ ಎಲ್ಲಿ ಹೋಯಿತು?

ಒಂದು ಭಾನುವಾರ ಉತ್ತರ ಸಿಕ್ಕಿತು. ಅಡುಗೆಮನೆಯಲ್ಲಿ ಅವ್ವ ಮತ್ತು ಸೋದರತ್ತೆ ಕನ್ನಡದಲ್ಲಿ ಜಗಳಾಡುತ್ತಿದ್ದರು. ವೈನಿ ಕಾಲಿಟ್ಟರು, ಜಗಳ ಹಾಗೆಯೇ ಮರಾಠಿಗೆ ಹೊರಳಿತು! ಅವರು ಕೊಡ ಎತ್ತಿಕೊಂಡು ಹೊರಗೆ ಹೋದರು, ಕನ್ನಡ ಮರಳಿತು. ನಮ್ಮಂಥ ಜೈನ ಮನೆಗಳಲ್ಲಿ ಎರಡೂ ಭಾಷೆ ಸಲೀಸು, ಬಂದವರ ಭಾಷೆಯಲ್ಲಿ ಮಾತಾಡುವುದು ಮರ್ಯಾದೆ. ಆ ಮರ್ಯಾದೆಯೇ ವೈನಿಯ ಕಿವಿಗೆ ಕನ್ನಡ ಬೀಳಗೊಟ್ಟಿರಲಿಲ್ಲ.

ಊಟಕ್ಕೆ ಕೂತಾಗ ವಾದ ಮಂಡಿಸಿದೆ. "ವೈನಿ ಮುಂದ ಯಾರೂ ಮರಾಠಿ ಆಡಬ್ಯಾಡ್ರಿ. ಅವರು ಮರಾಠಿಯೊಳಗ ಉತ್ತರಾ ಕೊಡ್ಲಿ, ಇಲ್ಲಾ ಸುಮ್ನಿರ್ಲಿ. ತಿದ್ದಾಕ ಹೋಗಬ್ಯಾಡ್ರಿ."

"ತಿಳೀಲಾರದ ಮಾತಾಡಿ ಸೊಸೀನ್ನ ಕಾಡ್ತಾರ ಅಂತಾರ ಮಂದಿ," ಎಂದಳು ಅವ್ವ.

"ತಿಳಿಯೂ ಹಂಗ ಆಡು. ಪಲ್ಯಾ ತೋರಿಸಿ ಪಲ್ಯಾ ಅನ್ನು."

ಇದನ್ನೆಲ್ಲ ವೈನಿಗೆ ಮರಾಠಿಯಲ್ಲಿ ಬಿಡಿಸಿ, ನಾಳೆಯಿಂದ ಹೀಗೆ ಎಂದು ಹೇಳಿದೆ. ನಾಳೆಯಿಂದೇಕೆ, ಈಗಿನಿಂದಲೇ ಆಗಲಿ ಎಂದರು. ಸಂತೆಯ ದಿನ ಅಪ್ಪನ ಹಿಂದೆ ಕೂತು, ಬಿಚ್ಚಿಟ್ಟ ಸೀರೆ ಮಡಚುವ ಕೆಲಸವನ್ನೂ ತಾವೇ ಕೇಳಿ ಪಡೆದರು. ತುಟಿ ಬಿಚ್ಚುತ್ತಿರಲಿಲ್ಲ, ಚೌಕಾಸಿಯ ಒಂದು ಮಾತನ್ನೂ ಬಿಡುತ್ತಿರಲಿಲ್ಲ.

ದೀಪಾವಳಿ ಮುಂದಿನ ಸಂತೆ. ಅಂಗಡಿ ಕಿಕ್ಕಿರಿದಿತ್ತು. ತುಕ್ಕಾನಟ್ಟಿಯ ಹೆಣ್ಣುಮಗಳೊಬ್ಬಳು ಸೀರೆಯನ್ನು ಅಪ್ಪನ ಮುಂದೆ ಎಸೆದಳು. "ಒಂದ ಸಲಾ ತೊಳದ್ರ ಬಣ್ಣಾ ಹೋಗೂ ಮಾಲಿದು. ಯಾರಿಗೆ ಟೊಪಿಗಿ ಹಾಕ್ತೀರಿ?"

ಅಪ್ಪ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು. "ಬಣ್ಣಾ ಹೋಗೂದಿಲ್ರಿ ಅಕ್ಕಾ! ಖರೆ ಹೇಳ್ತೇನಿ. ನೀರ ಹಚ್ರಿ, ನೀವ ತಿಕ್ರಿ. ಬಣ್ಣಾ ಬಂದ್ರ ಪುಕ್ಕಟ ಒಯ್ರಿ!"

ವೈನಿ! ಒರೆಸಿ ನೋಡಲು ಬಿಳಿ ಬಟ್ಟೆ ಬೇಕಾಗಿ, ಗಾದಿಯ ಮೇಲಿದ್ದ ಅಪ್ಪನ ಟೊಪ್ಪಿಗೆಯನ್ನೇ ನೀರಿನಲ್ಲಿ ಅದ್ದಿ ಚಾಚಿದರು. ಆಕೆ ಸೇಡು ತೀರಿಸಿಕೊಳ್ಳುವಂತೆ ತಿಕ್ಕಿದಳು. ಟೊಪ್ಪಿಗೆ ಬೆಳ್ಳಗೇ ಉಳಿಯಿತು.

"ಇಷ್ಟ ದಿನಾ ಈಕಿನ್ನ ಎಲ್ಲಿ ಮುಚ್ಚಿಟ್ಟಿದ್ರಿ ಸಾವಕಾರ್ರ?" ಎಂದು ನಗುತ್ತ ಸೀರೆ ಕಟ್ಟಿಸಿಕೊಂಡಳು.

ನಾನು ಹೇಳಿಸಿದ್ದ ಒಂದು ವಾಕ್ಯವೂ ವೈನಿಯ ಆ ಮಾತಿನಲ್ಲಿರಲಿಲ್ಲ. ಮುಂದೆ ಕಾಲೇಜಿನಲ್ಲಿ ಇದನ್ನು ಹೇಳಿದಾಗ, ಒಬ್ಬಾಕೆಯಿಂದ ಸಿದ್ಧಾಂತ ಸಾಬೀತಾಗುವುದಿಲ್ಲ ಎಂದರು ಸರ್. ಒಪ್ಪಿದೆ, ಆದರೆ ಎಲ್ಲರೂ ಉರುಹೊಡೆದೇ ಕಲಿಯುತ್ತಾರೆ ಎನ್ನುವುದನ್ನು ಮುರಿಯಲು ಒಬ್ಬಾಕೆ ಸಾಕು ಎಂದೆ. ಕಿವಿಗೆ ಬಿದ್ದರಷ್ಟೇ ಸಾಕು ಎಂಬುದನ್ನೂ ನಾನು ಪೂರ್ತಿ ನಂಬುವುದಿಲ್ಲ. ಮಾಲಿಗೆ ಕೆಟ್ಟ ಹೆಸರು ಬರುವಾಗ ಸುಮ್ಮನಿರಲಾರದ ಹಟವೂ ಬೇಕು. ಅದನ್ನು ಯಾವ ಸಿದ್ಧಾಂತವೂ ಕೊಡಲಿಲ್ಲ, ನನ್ನ ವೈನಿ ತವರಿನಿಂದಲೇ ತಂದಿದ್ದರು.

ಆ ದಿನ ಅಪ್ಪ ಒದ್ದೆ ಟೊಪ್ಪಿಗೆ ಕೊಡವಿಕೊಂಡು ಎದ್ದರು. "ಇಲ್ಲಿ ಕೂಡವಾ. ನಾ ಧೋತರದ ಕಡೆ ಹೊಕ್ಕೇನಿ."

ವೈನಿ ಗಾದಿಯ ಮೇಲೆ ಕೂತರು. ಬಾಗಿಲಲ್ಲಿ ಹಿಗ್ಗಿ ನಿಂತಿದ್ದ ನನ್ನತ್ತ ತಿರುಗಿ, "ಭಾವೂಜಿ, ಬಾಜೂ ಸರೀರಿ. ಗಿರಾಕಿ ಬರಾಕತ್ತಾರ," ಎಂದರು.